ಮೂರು ಗುಜರಿ ಬೈಕುಗಳಿಂದ ಒಂದು ಔಟ್‌ರೈಡರ್ ತುಕಡಿ

ಮೇಜಿನ ಮೇಲೆ ಆಡುವ ಯುದ್ಧದಾಟವೊಂದರ ಹಳೆಯ ಸ್ಪೇಸ್ ಮರೀನ್ ಬೈಕುಗಳಿಗೆ, ಎಂದರೆ ಬೈಕೇರಿದ ಯೋಧರ ಪುಟ್ಟ ಪ್ಲಾಸ್ಟಿಕ್ ಪ್ರತಿಮೆಗಳಿಗೆ, ಒಂದು ಹುಟ್ಟುದೋಷವಿದೆ. ಕಂಪನಿ ಹೇಳಿದಂತೆಯೇ ಅಂಟಿಸಿದರೆ ಅವು ಓಡುವ ಬೈಕುಗಳಾಗುವುದಿಲ್ಲ, ನಿಲ್ಲಿಸಿದ ಬೈಕುಗಳಾಗುತ್ತವೆ. ಎರಡೂ ಚಕ್ರಗಳು ನೆಲಕ್ಕೆ ಸಮವಾಗಿ ಕೂರುತ್ತವೆ, ಹ್ಯಾಂಡಲ್ ನೇರವಾಗಿರುತ್ತದೆ, ಸವಾರ ಬೆನ್ನು ನೆಟ್ಟಗೆ ಮಾಡಿಕೊಂಡಿರುತ್ತಾನೆ. ಡೊಂಬಿವಲಿ ಸ್ಟೇಷನ್ನಿನ ಹೊರಗೆ ಪಾರ್ಕಿಂಗ್ ಚೀಟಿಗಾಗಿ ಕಾಯುತ್ತಿರುವ ಮನುಷ್ಯನ ಹಾಗೆ. ಕಥೆಯ ಪ್ರಕಾರ ಆತ ಶತ್ರುಸಾಲಿನ ಮೇಲೆ ಎರಗುತ್ತಿರುವ ಯೋಧ. ಈ ಮಳೆಗಾಲದಲ್ಲಿ ನಾನು ಕೈಗೆತ್ತಿಕೊಂಡದ್ದು ಈ ದೋಷವನ್ನು ತೆಗೆಯುವ ಕೆಲಸ. ಉಳಿದ ದುರಸ್ತಿಯೆಲ್ಲ ಅದರ ಬೆನ್ನಿಗೆ ಬಂದದ್ದು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ವಾರ್‌ಹ್ಯಾಮರ್ 40,000 ಎಂಬುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ 1987ರಲ್ಲಿ ಹೊರತಂದ, ಮೇಜಿನ ಮೇಲೆ ಆಡುವ ಯುದ್ಧದಾಟ. ಪುಟ್ಟ ಪ್ಲಾಸ್ಟಿಕ್ ಸೈನಿಕರನ್ನು ನಾವೇ ಜೋಡಿಸಿ, ಬಣ್ಣ ಹಚ್ಚಿ, ಟೇಪು ಹಿಡಿದು ಅಂಗುಲಗಳ ಲೆಕ್ಕದಲ್ಲಿ ನಡೆಸಿ, ದಾಳ ಉರುಳಿಸಿ ಕಾದಾಡಿಸಬೇಕು. ಕಾಲ ನಲವತ್ತೊಂದನೆಯ ಸಹಸ್ರಮಾನ. ಅಲ್ಲಿ ವಿಜ್ಞಾನವೂ ಇದೆ, ಯಂತ್ರದೊಳಗೆ ಆತ್ಮವಿದೆ ಎಂದು ನಂಬಿ ಧೂಪ ಹಾಕಿ ಮಂತ್ರ ಹೇಳುವ ಪೂಜಾರಿಗಳೂ ಇದ್ದಾರೆ. ಇದನ್ನು ಕೇಳಿ ನನ್ನ ಭಾವನವರಿಗೆ ಏನೂ ವಿಚಿತ್ರವೆನಿಸಲಿಲ್ಲ. ಅವರು ಘಾಟ್‌ಕೋಪರಿನಲ್ಲಿ ದ್ವಿಚಕ್ರ ವಾಹನಗಳ ಗ್ಯಾರೇಜ್ ನಡೆಸುವವರು. "ಆಯುಧ ಪೂಜೆಯ ದಿನ ನಾವು ಮಾಡುವುದು ಮತ್ತೇನು?" ಎಂದರು.

ಆ ಲೋಕದ ಕವಚಧಾರಿ ಯೋಧರಾದ ಸ್ಪೇಸ್ ಮರೀನ್‌ಗಳಲ್ಲಿ ನನ್ನ ಪಡೆ ವೈಟ್ ಸ್ಕಾರ್ಸ್. ಚೊಗೋರಿಸ್ ಎಂಬ ಹುಲ್ಲುಗಾವಲಿನ ಗ್ರಹದವರು, ಜಘತಾಯ್ ಖಾನನ ವಂಶದವರು, ಕುದುರೆಯ ಜಾಗಕ್ಕೆ ಬೈಕನ್ನು ತಂದುಕೊಂಡವರು. ಬಿಳಿಯ ಕವಚ, ಕೆಂಪು ಅಂಚು, ಭುಜದ ಮೇಲೆ ಕೆಂಪು ಮಿಂಚು. ಬೈಕಿನವರೇ ತುಂಬಿರುವ ಇನ್ನೊಂದು ಹೆಸರಾಂತ ದಳ ಡಾರ್ಕ್ ಏಂಜಲ್ಸ್ ಪಡೆಯ ರೇವನ್‌ವಿಂಗ್. ಅವರದು ಕಪ್ಪು, ಕಪ್ಪು ಬಣ್ಣ ಕೆಲಸಗಾರನ ಅರ್ಧ ಕೊರತೆಗಳನ್ನು ಮುಚ್ಚಿಬಿಡುತ್ತದೆ. ಬಿಳಿ ಯಾರನ್ನೂ ಕ್ಷಮಿಸುವುದಿಲ್ಲ. ಅಕ್ಕನ ಮಗನಿಗೆ ಎರಡೂ ಬೇಡ, ಕೆಂಪೇ ಬೇಕು. ಏಕೆಂದರೆ ಆ ಲೋಕದ ಆರ್ಕ್ ಎಂಬ ಜಗಳಗಂಟ ಜನಾಂಗದವರು ಕೆಂಪು ಬಳಿದ ಗಾಡಿ ಹೆಚ್ಚು ವೇಗವಾಗಿ ಓಡುತ್ತದೆ ಎಂದು ನಂಬುತ್ತಾರೆ, ಮತ್ತು ಅವರು ನಂಬಿದ್ದರಿಂದಲೇ ಅದು ಓಡುತ್ತದೆ ಕೂಡ.

ಹೊಸ ಔಟ್‌ರೈಡರ್ ಡಬ್ಬಿಯನ್ನು ಕೊಳ್ಳಬಹುದಿತ್ತು. 2020ರಲ್ಲಿ ಇಂಡೊಮಿಟಸ್ ಪೆಟ್ಟಿಗೆಯೊಳಗೆ ಮೊದಲು ಕಾಣಿಸಿಕೊಂಡ ದೊಡ್ಡ ಬೈಕುಗಳು ಅವು, ಚೆಂದವಾಗಿವೆ. ಆದರೆ ಹವ್ಯಾಸ ಬಿಟ್ಟ ಒಬ್ಬರು ಚೀಲದ ತುಂಬ ಹಳೆಯ ಚೂರುಗಳನ್ನು ಅಗ್ಗಕ್ಕೆ ಕೊಟ್ಟರು: ಆರು ಬೈಕುಗಳ ಒಡಲು, ಕೆಲಸಕ್ಕೆ ಬರುವಂಥ ಎರಡೇ ಮುಂಚಕ್ರ, ಮುಂಚಕ್ರವನ್ನು ಹಿಡಿಯುವ ಫೋರ್ಕ್‌ಗಳು, ಅವೂ ಮುರಿದವು, ತಲೆಯಿಲ್ಲದ ಸವಾರರು. ಎಲ್ಲದರ ಮೇಲೂ ಕಿಟಕಿಯ ಸರಳಿಗೆ ಹಚ್ಚುವಷ್ಟು ದಪ್ಪ ಬಣ್ಣ. 2023ರಲ್ಲಿ ಕಂಪನಿ ಈ ಹಳೆಯ ಬೈಕ್ ತುಕಡಿಯನ್ನು ಲೆಜೆಂಡ್ಸ್ ಪಟ್ಟಿಗೆ ಸೇರಿಸಿತು. ಎಂದರೆ ನಿಯಮಗಳೇನೋ ಇವೆ, ಆದರೆ ಪಂದ್ಯಾವಳಿಗೆ ತರಬೇಡಿ ಎಂಬ ಸೂಚನೆ. ಮರ್ಯಾದೆಯಿಂದ ನಿವೃತ್ತಿ ಕೊಟ್ಟಂತೆ. ಮಾಟುಂಗಾದಲ್ಲಿ ಸೇರುವ ನಮ್ಮ ಗುಂಪಿನ ಒಪ್ಪಂದ ಹೀಗಿದೆ: ಹಳೆಯ ಬೈಕನ್ನು ಔಟ್‌ರೈಡರ್ ಎಂದು ಆಡಿಸಬಹುದು, ಆದರೆ ಕೆಳಗಿನ ಅಂಡಾಕಾರದ ಪೀಠ ಔಟ್‌ರೈಡರಿನದೇ ಆಗಿರಬೇಕು. ಆಟದಲ್ಲಿ ದೂರವನ್ನೆಲ್ಲ ಪೀಠದ ಅಂಚಿನಿಂದ ಅಳೆಯುವುದರಿಂದ ಇದು ನ್ಯಾಯವೇ. ಹಳೆಯ ಪೀಠ 75 × 42 ಮಿ.ಮೀ., ಹೊಸದು 90 × 52. ಹೆಚ್ಚಿಗೆ ಸಿಕ್ಕ ಈ ಜಾಗವೇ ಮುಂದೆ ನನ್ನ ನೆರವಿಗೆ ಬಂತು.

ಮೊದಲು ಬಣ್ಣ ಕೀಳುವ ಕೆಲಸ. ಥಿನ್ನರ್, ಅಸಿಟೋನ್, ಉಗುರುಬಣ್ಣ ತೆಗೆಯುವ ದ್ರವ ಇವ್ಯಾವುದನ್ನೂ ಹತ್ತಿರ ಸುಳಿಯಗೊಡಬಾರದು. ಬೈಕುಗಳು ಪಾಲಿಸ್ಟೈರೀನ್, ಬಣ್ಣಕ್ಕಿಂತ ಮುಂಚೆ ಬೈಕೇ ಕರಗುತ್ತದೆ. ಡೆಟಾಲಿನಲ್ಲಿ ನೆನೆಸುವುದು ಈ ಹವ್ಯಾಸದವರ ಹಳೆಯ ಉಪಾಯ. ಅದು ಕೆಲಸ ಮಾಡುತ್ತದೆ, ಆದರೆ ನೆನೆಸಿದ್ದನ್ನು ನೇರವಾಗಿ ನೀರಿನಲ್ಲಿ ತೊಳೆದರೆ ಸಡಿಲಗೊಂಡ ಬಣ್ಣ ಹಲಸಿನ ಮೇಣದಷ್ಟು ಅಂಟಾಗಿ ಸಂದಿಗಳಲ್ಲಿ ಕೂರುತ್ತದೆ. ಮೊದಲು ಡೆಟಾಲಿನಲ್ಲೇ ಉಜ್ಜಿ, ಆಮೇಲೆ ಸೋಪುನೀರು. ಜೊತೆಗೆ ಎರಡು ಕೋಣೆಯ ಮನೆ ಇಡೀ ಆಸ್ಪತ್ರೆಯ ವಾಸನೆ. ನಾನು ಐಸೊಪ್ರೊಪೈಲ್ ಆಲ್ಕೋಹಾಲನ್ನು ಆರಿಸಿಕೊಂಡೆ. ಸರ್ಕ್ಯೂಟ್ ಬೋರ್ಡ್ ತೊಳೆಯಲು ಬಳಸುವ ದ್ರವವಾದ್ದರಿಂದ ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಳೆಯ ಟೂತ್‌ಬ್ರಷ್ಷಿನಿಂದ ಉಜ್ಜಿದರೆ ಬಣ್ಣ ಸಿಪ್ಪೆಯಾಗಿ ಎದ್ದು ಬರುತ್ತದೆ. ಬೇಗ ಹೊತ್ತಿಕೊಳ್ಳುವ ದ್ರವ. ಗ್ಯಾಸ್ ಒಲೆಯಿಂದ ದೂರ, ಕಿಟಕಿ ತೆರೆದಿಟ್ಟು ಮಾಡಬೇಕು.

ಬಣ್ಣ ಹೋದ ಮೇಲೆ ಗಾಯಗಳು ಕಂಡವು. ಬೈಕಿನ ಪ್ರತಿಮೆ ಮುರಿಯುವುದು ಎರಡೇ ಕಡೆ: ಮುಂದಿನ ಫೋರ್ಕ್ ಒಡಲಿಗೆ ಸೇರುವಲ್ಲಿ, ಮತ್ತು ಚಕ್ರ ಪೀಠಕ್ಕೆ ತಾಗುವಲ್ಲಿ. ಯಾರಾದರೂ ಎತ್ತುವಾಗ ಹ್ಯಾಂಡಲನ್ನೇ ಹಿಡಿಯುತ್ತಾರೆ, ಪೀಠವನ್ನಲ್ಲ. ಎಷ್ಟು ಹೇಳಿದರೂ ಅಷ್ಟೇ. ಪ್ಲಾಸ್ಟಿಕ್ ಸಿಮೆಂಟ್ ಎರಡು ಮೈಗಳನ್ನೂ ಕರಗಿಸಿ ಬೆಸೆಯುತ್ತದೆ, ಫೆವಿಕ್ವಿಕ್ ಬರೀ ಹಿಡಿದುಕೊಳ್ಳುತ್ತದೆ. ಆದ್ದರಿಂದ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಸೇರುವಲ್ಲೆಲ್ಲ ಸಿಮೆಂಟ್, ತಂತಿ ಸೇರುವಲ್ಲಿ ಮಾತ್ರ ಫೆವಿಕ್ವಿಕ್. ತೂತು ಕೊರೆಯುವ ಕೈ ಡ್ರಿಲ್ಲೂ ಸಣ್ಣ ಬಿಟ್ಟುಗಳೂ ಜವೇರಿ ಬಜಾರಿನ ಆಸುಪಾಸಿನಲ್ಲಿ ಅಕ್ಕಸಾಲಿಗರ ಸಲಕರಣೆ ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಹವ್ಯಾಸಿಗಳ ಅಂಗಡಿಯ ಬೆಲೆಗೂ ಅಲ್ಲಿನ ಬೆಲೆಗೂ ಹೋಲಿಕೆಯೇ ಇಲ್ಲ. ಫೋರ್ಕಿನ ಎರಡು ಕಾಲುಗಳಿಗೂ 0.6 ಮಿ.ಮೀ. ಹಿತ್ತಾಳೆ ತಂತಿಯನ್ನು ಒಳಗಿನಿಂದ ಹಾಯಿಸಿದೆ. ಹಿಂದಿನ ಟೈರಿನ ಅಡಿಯಿಂದ ಪೀಠಕ್ಕೆ 1 ಮಿ.ಮೀ. ತಂತಿ. ಇನ್ನು ಹ್ಯಾಂಡಲ್ ಹಿಡಿದು ಎತ್ತಿದರೂ ಚಿಂತೆಯಿಲ್ಲ.

ಇಲ್ಲದ ಮೂರನೆಯ ಮುಂಚಕ್ರವನ್ನು ಎಂ-ಸೀಲಿನಲ್ಲಿ ಎರಕ ತೆಗೆದೆ. ಇರುವ ಚಕ್ರಕ್ಕೆ ತೆಳುವಾಗಿ ತೆಂಗಿನೆಣ್ಣೆ ಸವರಿ, ಕಲಸಿದ ಎಂ-ಸೀಲ್ ಉಂಡೆಯೊಳಗೆ ಅರ್ಧಕ್ಕೆ ಒತ್ತಬೇಕು. ಗಟ್ಟಿಯಾದ ಮೇಲೆ ಬಿಡಿಸಿ, ಇನ್ನೊಂದು ಮಗ್ಗುಲಿಗೆ ಇನ್ನೊಂದು ಅಚ್ಚು. ಎರಡೂ ಅಚ್ಚಿಗೆ ಮತ್ತೆ ಎಣ್ಣೆ, ಒಳಗೆ ಹೊಸ ಎಂ-ಸೀಲ್. ಬಂದ ಎರಡು ಹೋಳುಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ಅರದಿಂದ ಉಜ್ಜಿದರೆ ಚಕ್ರ. ಗ್ರೀನ್ ಸ್ಟಫ್ ಎಂಬ ಹೆಸರಾದ ಪುಟ್ಟಿ ಇದಕ್ಕೆ ಹೇಳಿಸಿದ್ದಲ್ಲ: ಅದು ಒಣಗಿದ ಮೇಲೂ ರಬ್ಬರಿನ ಗುಣ ಬಿಡುವುದಿಲ್ಲ, ಉಜ್ಜಲು ಹೋದರೆ ನಾರಾಗುತ್ತದೆ. ಎಂ-ಸೀಲ್ ಕಲ್ಲಿನಂತೆ ಗಟ್ಟಿಯಾಗಿ ನೀಟಾಗಿ ಸವೆಯುತ್ತದೆ. ನಲ್ಲಿ ಸೋರುವಿಕೆಗೆಂದು ಮಾರುವ ವಸ್ತು ಇದಕ್ಕೆ ಸಾಕು. ಸೈಲೆನ್ಸರ್ ಕೊಳವೆಗಳಿಗೆ ಖಾಲಿಯಾದ ಬಾಲ್‌ಪೆನ್ ರೀಫಿಲ್.

ಇಷ್ಟೂ ಆದ ಮೇಲೆ ಒಂದು ಭಾನುವಾರ ಭಾವನವರ ಮುಂದೆ ಒಡಲನ್ನು ಇಟ್ಟೆ. ಅವರು ಕನ್ನಡಕ ಏರಿಸಿ ತಿರುಗಿಸಿ ತಿರುಗಿಸಿ ನೋಡಿದರು. ಇಷ್ಟು ಅಗಲದ ಟೈರು ಹಾಕಿದರೆ ಬೈಕ್ ತಿರುಗುವುದಿಲ್ಲ, ಸಸ್ಪೆನ್ಷನ್ ಎಲ್ಲಿ, ಕನ್ನಡಿ ಎಲ್ಲಿ, ಹೆಡ್‌ಲೈಟಿನ ಜಾಗದಲ್ಲಿ ಬಂದೂಕು ಇಟ್ಟರೆ ರಾತ್ರಿ ಏನು ಮಾಡುತ್ತಾರೆ ಎಂದೆಲ್ಲ ಕೇಳಿದ ಮೇಲೆ, "ಇವನು ಎತ್ತ ಹೋಗುತ್ತಿದ್ದಾನೆ?" ಎಂದರು.

"ಮುಂದಕ್ಕೆ, ಭಾವ."

"ಮುಂದಕ್ಕೆ ಹೋಗುವವನು ಹೀಗೆ ಕೂರುವುದಿಲ್ಲ. ವೇಗದಲ್ಲಿ ತಿರುಗಬೇಕಾದರೆ ಯಾರೂ ಹ್ಯಾಂಡಲ್ ತಿರುಗಿಸುವುದಿಲ್ಲ, ಗಾಡಿಯನ್ನು ಮಲಗಿಸುತ್ತಾರೆ. ಗಾಡಿ ಮಲಗುತ್ತದೆ, ತಲೆ ಮಲಗುವುದಿಲ್ಲ. ಕಣ್ಣು ಹೋಗಬೇಕಾದ ಕಡೆಗೆ ಇರುತ್ತದೆ."

ಇದು ನನ್ನ ಇಡೀ ಕೆಲಸಕ್ಕೆ ನಕ್ಷೆಯಾಯಿತು. ಹಿಂದಿನ ಟೈರಿನ ತಂತಿಯನ್ನು ಇಕ್ಕಳದಿಂದ ಬಗ್ಗಿಸಿ ಬೈಕನ್ನು ಎಡಕ್ಕೆ ಸುಮಾರು 15 ಡಿಗ್ರಿ ವಾಲಿಸಿದೆ. ವಾಲಿದಾಗ ನೆಲಕ್ಕೆ ತಾಗುವುದು ಟೈರಿನ ನಡುವಲ್ಲ, ಎಡ ಅಂಚು. ಅಲ್ಲಿ ಅರ ಹಾಕಿ ಸ್ವಲ್ಪ ಚಪ್ಪಟೆ ಮಾಡಿದೆ, ಭಾರ ಬಿದ್ದ ಟೈರು ಹಾಗೆಯೇ ಅಮುಕಿರುತ್ತದೆ. ಸವಾರನನ್ನು ಸೊಂಟದ ಬಳಿ ಕೂದಲೆಳೆಯಷ್ಟು ಓರೆಯಾಗಿ ಕತ್ತರಿಸಿ ಮುಂದಕ್ಕೆ ಬಾಗಿಸಿ, ಬಿರುಕನ್ನು ಎಂ-ಸೀಲಿನಿಂದ ತುಂಬಿದೆ. ಅದರ ಮೇಲೆ ಬೆಲ್ಟು ಬರುವುದರಿಂದ ಗಾಯ ಕಾಣುವುದಿಲ್ಲ. ಕೊನೆಗೆ ತಲೆ. ಬೈಕ್ ವಾಲಿದರೂ ಹೆಲ್ಮೆಟ್ಟಿನ ಎರಡು ಕಣ್ಣುಗಳು ದಿಗಂತಕ್ಕೆ ಸಮವಾಗಿರಬೇಕು, ಮುಖ ತಿರುವಿನ ಒಳಗಡೆಗೆ. ಕತ್ತಿನ ಕುಳಿಯಲ್ಲಿ ಮೆತ್ತನೆಯ ಎಂ-ಸೀಲ್ ಇಟ್ಟು, ತಲೆಯನ್ನು ಕೂರಿಸಿ, ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡುತ್ತ ತಿರುಗಿಸಿದೆ. ಈ ಒಂದು ಬದಲಾವಣೆ ಮಾಡಿದ ಕ್ಷಣ ಪ್ಲಾಸ್ಟಿಕ್ ಗೊಂಬೆ ಸವಾರನಾಯಿತು. ಉಳಿದ ಯಾವ ಕೆಲಸವನ್ನು ಬಿಟ್ಟರೂ ತಲೆಯ ಕೆಲಸವನ್ನು ಬಿಡಬಾರದು ಎಂಬುದು ನನ್ನ ಅಭಿಪ್ರಾಯ.

ಮೂವರೂ ಎಡಕ್ಕೇ ವಾಲಬೇಕು. ಒಬ್ಬ ಬಲಕ್ಕೆ ವಾಲಿದರೆ ನೋಡುವವರ ಕಣ್ಣಿಗೆ ಮುಂದಿನ ಕ್ಷಣ ಅಪಘಾತವೇ. ಆದರೆ ಮೂವರೂ ಒಂದೇ ಕೋನದಲ್ಲಿದ್ದರೆ ಕವಾಯತು. ಹಾಗಾಗಿ ಸಾರ್ಜೆಂಟ್ ಹೆಚ್ಚು, ಎರಡನೆಯವನು ಕಡಿಮೆ. ಮೂರನೆಯವನ ಮುಂಚಕ್ರ ಮಾತ್ರ ಒಡೆದ ಕಲ್ಲಿನ ಮೇಲೆ ಹತ್ತಿ ಎದ್ದಿದೆ. ಎದ್ದ ಬೈಕಿಗೆ ಹಿಂದಕ್ಕೆ ಮಗುಚುವ ಚಟ. ಪೀಠದ ಅಡಿಯಲ್ಲಿ ಮುಂಭಾಗಕ್ಕೆ ಎರಡು ಕಬ್ಬಿಣದ ವಾಷರ್ ಅಂಟಿಸಿದ ಮೇಲೆ ಬುದ್ಧಿ ಬಂತು.

ಪೀಠದಲ್ಲಿ ಹೆಚ್ಚಿಗೆ ಸಿಕ್ಕ ಜಾಗಕ್ಕೆ ಏನು ತುಂಬುವುದು? ಮುಂಬೈಯಲ್ಲಿ ಇದ್ದುಕೊಂಡು ಈ ಪ್ರಶ್ನೆ ಕೇಳುವುದೇ ತಪ್ಪು. ಪೇವರ್ ಬ್ಲಾಕ್! ಎದ್ದ ಪೇವರ್ ಬ್ಲಾಕು, ಕುಸಿದ ಪೇವರ್ ಬ್ಲಾಕು, ಎರಡರ ನಡುವೆ ಕೆಸರುನೀರು. ನಲವತ್ತೊಂದನೆಯ ಸಹಸ್ರಮಾನದ ಮಹಾನಗರಗಳಲ್ಲಿ ರಸ್ತೆ ಗುತ್ತಿಗೆ ಸರಿಯಾಗಿದ್ದೀತು ಎಂದು ನನಗಂತೂ ಅನಿಸುವುದಿಲ್ಲ. ಬ್ಲಾಕುಗಳನ್ನು ಮಿಠಾಯಿ ಡಬ್ಬಿಯ ಪ್ಲಾಸ್ಟಿಕ್ಕಿನಿಂದ ಕತ್ತರಿಸಿದೆ. ಡಬ್ಬಿಯ ಅಡಿಯ ತ್ರಿಕೋನದಲ್ಲಿ 6 ಎಂಬ ಅಂಕಿ ಇದ್ದರೆ ಅದು ಪಾಲಿಸ್ಟೈರೀನ್, ಸಿಮೆಂಟು ಹಿಡಿಯುತ್ತದೆ. 5 ಇದ್ದರೆ ಪಾಲಿಪ್ರೊಪಿಲೀನ್. ಯಾವ ಅಂಟಿಗೂ ಜಗ್ಗದು, ಎಸೆಯಬಹುದು. ಗುಂಡಿಯ ನೀರಿಗೆ ಹೊಳೆಯುವ ವಾರ್ನಿಷನ್ನು ತೆಳ್ಳಗೆ ಪದರ ಪದರವಾಗಿ ಹಾಕಿದೆ.

ಮಣ್ಣಿಗೆ ಕಾಫಿ ಚರಟ. ಫಿಲ್ಟರಿನಿಂದ ತೆಗೆದದ್ದನ್ನು ಹಾಗೆಯೇ ಬಳಸಿದರೆ ಜುಲೈ ತಿಂಗಳ ಮುಂಬೈಯಲ್ಲಿ ಬೂಷ್ಟು ಹಿಡಿಯುತ್ತದೆ. ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಪೂರ್ತಿ ಒಣಗಿಸಿ, ಫೆವಿಕಾಲ್ ಮೇಲೆ ಉದುರಿಸಿ, ಆಮೇಲೆ ನೀರು ಬೆರೆಸಿದ ಫೆವಿಕಾಲಿನಿಂದ ಮೇಲಿನಿಂದಲೂ ಮುಚ್ಚಬೇಕು. ಹಿಂದಿನ ಚಕ್ರ ಚಿಮ್ಮಿಸುವ ಮಣ್ಣನ್ನು ಚಕ್ರದ ಹಿಂದೆ ಸಣ್ಣ ದಿಬ್ಬವಾಗಿ, ತಿರುವಿನ ಹೊರಗಡೆಗೆ ಬಳುಕಿದಂತೆ ಇಟ್ಟೆ. ಹತ್ತಿಯಿಂದ ಧೂಳಿನ ಮೋಡ ಮಾಡುವವರಿದ್ದಾರೆ. ಎಷ್ಟು ಬಣ್ಣ ಬಳಿದರೂ ಹತ್ತಿ ಹತ್ತಿಯಾಗಿಯೇ ಕಾಣುತ್ತದೆ. ಸಾರ್ಜೆಂಟನ ಹಿಂದಿನ ಚಕ್ರದ ಕೆಳಗೆ, ಭಾವನವರ ಒತ್ತಾಯಕ್ಕೆ, ಜಜ್ಜಿದ ಲಿಂಬೆಹಣ್ಣು ಒಂದಿದೆ. ಅಳತೆಗೆ ಸರಿಯಾಗಿ ಇಳಿಸಿದರೆ ಅದು ಒಂದು ಮಿಲಿಮೀಟರಿಗೂ ಚಿಕ್ಕದು, ಕಾಣುವುದೇ ಇಲ್ಲ. ದುಪ್ಪಟ್ಟು ಮಾಡಿ ಹಳದಿ ಬಳಿದೆ. ಚೊಗೋರಿಸ್‌ನವರು ಕ್ಷಮಿಸಬೇಕು.

ಬಿಳಿಯ ಕಥೆ ಉದ್ದವಿದೆ, ಚುಟುಕಾಗಿ ಹೇಳುತ್ತೇನೆ. ಮಳೆಗಾಲದಲ್ಲಿ ಇಲ್ಲಿನ ಗಾಳಿಯ ತೇವಾಂಶ ಶೇಕಡಾ 80ಕ್ಕಿಂತ ಮೇಲೆ ನಿಂತೇ ಇರುತ್ತದೆ. ಅಂಥ ಗಾಳಿಯಲ್ಲಿ ಸ್ಪ್ರೇ ಪ್ರೈಮರ್ ಹೊಡೆದರೆ ಪುಡಿಪುಡಿಯಾಗಿ ಕೂರುತ್ತದೆ, ಸ್ಪ್ರೇ ವಾರ್ನಿಷ್ ಹೊಡೆದರೆ ಮಂಜು ಹಿಡಿದಂತೆ ಮಬ್ಬಾಗುತ್ತದೆ. ಫೆವಿಕ್ವಿಕ್ ಕೂಡ ತೇವದಿಂದಲೇ ಗಟ್ಟಿಯಾಗುವ ಅಂಟು. ಈ ತಿಂಗಳುಗಳಲ್ಲಿ ಬೇಗ ಹಿಡಿಯುತ್ತದೆ, ಆದರೆ ಸುತ್ತ ಬಿಳಿಯ ಬೂದಿಯನ್ನೂ ಬಿಡುತ್ತದೆ. ಆದ್ದರಿಂದ ಎಲ್ಲವೂ ಬ್ರಷ್ಷಿನಲ್ಲೇ. ಮೊದಲು ಬೂದುಬಣ್ಣದ ಪ್ರೈಮರ್, ಅದರ ಮೇಲೆ ತಿಳಿ ಬೂದು, ಆಮೇಲೆ ಉಬ್ಬಿದ ಭಾಗಗಳಿಗೆ ಮಾತ್ರ ಬಿಳಿ, ಹಾಲಿನಷ್ಟು ತೆಳುವಾಗಿ, ಒಂದರ ಮೇಲೊಂದು. ಟ್ಯೂಬಿನಿಂದ ನೇರವಾಗಿ ಬಿಳಿ ಬಳಿದರೆ ಸುಣ್ಣದ ಗೋಡೆ. ಸಂದಿಗಳಲ್ಲಿ ಉಳಿದ ಬೂದುಬಣ್ಣವೇ ಬಿಳಿಯನ್ನು ಬಿಳಿಯಾಗಿ ತೋರಿಸುವುದು. ಅದರ ಮೇಲೆ ವಾರ್ನಿಷ್ ಒಣಗಿಸಿ, ಕಂದು ಎಣ್ಣೆಬಣ್ಣವನ್ನು ಟರ್ಪೆಂಟೈನಿನಲ್ಲಿ ಕರಗಿಸಿ ಗೆರೆಗಳಿಗೆ ಮಾತ್ರ ಹರಿಯಬಿಟ್ಟೆ.

ಕೊಳೆಗೆ ಮತ್ತೆ ಭಾವನವರ ಗ್ಯಾರೇಜೇ ಪಾಠಶಾಲೆ. ಇಂಟರ್ನೆಟ್ಟಿನಲ್ಲಿ ಕಾಣುವ ಬಹುತೇಕ ಪ್ರತಿಮೆಗಳಿಗೆ ಕೊಳೆ ಎಲ್ಲ ಕಡೆಯೂ ಒಂದೇ ಸಮ, ಕಂದು ಸ್ಪಂಜು ಒತ್ತಿದಂತೆ. ಮಳೆಯಲ್ಲಿ ಓಡಿ ಬಂದ ಗಾಡಿಯನ್ನು ನೋಡಿ: ಮುಂಚಕ್ರ ಎರಚಿದ ಕೆಸರು ಎಂಜಿನ್ನಿನ ಮುಂಭಾಗಕ್ಕೂ ಹೊಟ್ಟೆಗೂ ಬಡಿದಿರುತ್ತದೆ. ಹಿಂಚಕ್ರ ಎರಚಿದ್ದು ನೇರವಾಗಿ ಸವಾರನ ಬೆನ್ನಿಗೆ ಒಂದು ಪಟ್ಟೆಯಾಗಿ ಏರಿರುತ್ತದೆ. ಟ್ಯಾಂಕಿನ ಮೇಲ್ಭಾಗ ಶುದ್ಧವಾಗಿರುತ್ತದೆ, ತೊಡೆ ಉಜ್ಜುವಲ್ಲಿ ಬಣ್ಣ ಸವೆದಿರುತ್ತದೆ. ಸೈಲೆನ್ಸರ್ ಕೊಳವೆ ಎಂಜಿನ್ನಿಗೆ ಸೇರುವ ಕಡೆ ಕಾವಿಗೆ ಹೊಂಬಣ್ಣಕ್ಕೂ ಆಮೇಲೆ ನೀಲಿಗೂ ತಿರುಗಿರುತ್ತದೆ, ತುದಿಯಲ್ಲಿ ಬರೀ ಮಸಿ. ಇಷ್ಟನ್ನು ಇಷ್ಟಿದ್ದಲ್ಲೇ ಹಾಕಿದೆ, ಬೇರೆಲ್ಲೂ ಹಾಕಲಿಲ್ಲ. ಕೆಸರಿನ ಚುಕ್ಕೆಗಳಿಗೆ ಗಟ್ಟಿ ಬ್ರಷ್ಷಿಗೆ ಬಣ್ಣ ಹಚ್ಚಿ ಹೆಬ್ಬೆರಳಿನಿಂದ ಸಿಡಿಸಬೇಕು, ಸಿಡಿಸುವ ದಿಕ್ಕು ಚಕ್ರ ಉರುಳುವ ದಿಕ್ಕಿಗೆ ಹೊಂದಬೇಕು. ಸವಾರನ ಬೆನ್ನ ಬಿಳಿಯ ಮೇಲೆ ಕೆಸರುಪಟ್ಟೆ ಎಳೆಯುವಾಗ ಕರುಳು ಹಿಂಡಿತು. ಆದರೆ ಬೈಕ್ ಓಡುತ್ತಿದೆ ಎಂದು ಮೇಜಿನ ಆಚೆ ಬದಿಯಲ್ಲಿ ಕೂತವನಿಗೂ ಹೇಳುವುದು ಆ ಪಟ್ಟೆಯೇ.

ಅದು ಹೇಳಲೇಬೇಕು. ನಮ್ಮ ಮೇಜು 60 × 44 ಅಂಗುಲ. ಔಟ್‌ರೈಡರ್ ಒಂದು ಸರದಿಗೆ 12 ಅಂಗುಲ ಸಾಗುತ್ತದೆ, ಎಂದರೆ ಮೇಜಿನ ಉದ್ದದ ಐದನೆಯ ಒಂದು ಪಾಲು. ಕಾಲ್ನಡಿಗೆಯ ಮರೀನ್ 6 ಅಂಗುಲ. ಹಿಂದಿನ ಆವೃತ್ತಿಗಳಲ್ಲಿ ಬೈಕ್ ಏರಿದವನಿಗೆ ಗಡಸುತನದಲ್ಲಿ ಒಂದು ಅಂಕ ಹೆಚ್ಚು ಸಿಗುತ್ತಿತ್ತು. ಈಗ ಔಟ್‌ರೈಡರಿಗೆ 5ರ ಗಡಸುತನ, ಒಬ್ಬೊಬ್ಬನಿಗೆ 4 ಪೆಟ್ಟು ತಡೆಯುವ ಶಕ್ತಿ. ಆದರೂ ಮಾಟುಂಗಾದ ಮೊದಲ ಆಟದಲ್ಲಿ ಎದುರಾಳಿಯ ಫಿರಂಗಿಗಳು ನನ್ನ ಮೂವರನ್ನೂ ಬೇಗನೆ ಮುಗಿಸಿದವು. ಹೊಸ ಬಣ್ಣದ ಪ್ರತಿಮೆ ಮೊದಲ ಆಟದಲ್ಲಿ ಸಾಯುವುದು ಈ ಹವ್ಯಾಸದ ಅಲಿಖಿತ ಶಾಸನ, ದೂರುವಂತಿಲ್ಲ.

ಇನ್ನು ಸಾಗಣೆ. ಡೊಂಬಿವಲಿಯಿಂದ ಮಾಟುಂಗಾಕ್ಕೆ ಸ್ಲೋ ಲೋಕಲ್. ಆ ನೂಕಾಟದಲ್ಲಿ ಸ್ಪಂಜಿನ ಪೆಟ್ಟಿಗೆಯೊಳಗಿನ ಫೋರ್ಕ್‌ಗಳು ಉಳಿಯುವುದಿಲ್ಲ. ಪೀಠದಡಿಯಲ್ಲಿ ಸಣ್ಣ ನಿಯೋಡಿಮಿಯಂ ಮ್ಯಾಗ್ನೆಟ್ ಅಂಟಿಸಿ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸುವುದು ಯೋಜನೆ. ಅಡುಗೆಮನೆಯ ಒಳ್ಳೆಯ ಸ್ಟೀಲ್ ಡಬ್ಬಿಗೆ ಮ್ಯಾಗ್ನೆಟ್ ಹಿಡಿಯುವುದೇ ಇಲ್ಲ. 304 ದರ್ಜೆಯಂತಹ ನಿಕಲ್ ಬೆರೆತ ಸ್ಟೇನ್‌ಲೆಸ್ ಸ್ಟೀಲನ್ನು ಅಯಸ್ಕಾಂತ ಸೆಳೆಯುವುದಿಲ್ಲ. ಡಬ್ಬಿ ಕೊಳ್ಳುವ ಮುನ್ನ ಜೇಬಿನಲ್ಲಿ ಒಂದು ಮ್ಯಾಗ್ನೆಟ್ ಇಟ್ಟುಕೊಂಡು ಹೋಗಬೇಕು, ಅಂಗಡಿಯವರು ವಿಚಿತ್ರವಾಗಿ ನೋಡಿದರೆ ನೋಡಲಿ. ನಾನು ಮನೆಯಲ್ಲಿದ್ದ ಡಬ್ಬಿಯ ತಳಕ್ಕೆ ಜಿಐ ತಗಡಿನ ತುಂಡನ್ನು ಕತ್ತರಿಸಿ ಅಂಟಿಸಿದೆ. ಮೂರೂ ಬೈಕುಗಳು ತಲೆಕೆಳಗಾಗಿ ಹಿಡಿದರೂ ಅಲುಗುವುದಿಲ್ಲ.

ಸಾರ್ಜೆಂಟನ ಬೆನ್ನಿನ ಧ್ವಜಕೋಲು ಬಾಕಿ ಇದೆ. ಅದು ಡಬ್ಬಿಯ ಮುಚ್ಚಳಕ್ಕೆ ತಾಗುತ್ತದೆ, ಹಾಗಾಗಿ ಬಿಚ್ಚಿಡಲು ಬರುವಂತೆ 2 ಮಿ.ಮೀ. ಮ್ಯಾಗ್ನೆಟ್ ಕೂರಿಸಬೇಕು. ಬಟ್ಟೆಗೆ ಮಾತ್ರೆಯ ಪಟ್ಟಿಯ ಹಿಂದಿನ ಅಲ್ಯೂಮಿನಿಯಂ ಹಾಳೆ, ತುದಿಯ ಕುದುರೆಬಾಲಕ್ಕೆ ಹಳೆಯ ಶೇವಿಂಗ್ ಬ್ರಷ್ಷಿನ ಕೂದಲು ಎತ್ತಿಟ್ಟಿದ್ದೇನೆ. ಉಳಿದ ಮೂರು ಒಡಲುಗಳಿಗೆ ಚಕ್ರದ ಅಚ್ಚು ಹೇಗೂ ಇದೆ.